ಟೈರು ಒತ್ತಿ ನೋಡಲು ಕಲಿಸಿದವರು

ಎರಿನ್ ಮಿಲ್ಸ್ ಕಡೆಯ ಟೈರಿನಂಗಡಿಯ ಬಾಗಿಲನ್ನು ಮೊಮ್ಮಗಳು ನೂಕಿ ಹಿಡಿದಳು. ನಾನು ಕೋಲೂರಿಕೊಂಡು ಒಳಗೆ ಕಾಲಿಟ್ಟೆ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಹೊಸ ರಬ್ಬರಿನ ವಾಸನೆ. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ಮಾತ್ರ ಬಾಣಂತಿ ಕೋಣೆಯ ಲೋಬಾನದ ಹೊಗೆಯಷ್ಟೇ ಹಿತ. ಅದು ಯಾಕೆ ಅಂತ ಹೇಳುತ್ತೇನೆ…

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ತಡೆಯಲಿಕ್ಕಾಗುವುದಿಲ್ಲ. ನನ್ನ ಮೊಮ್ಮಗಳು ಸ್ವಂತ ಗಾಡಿ ತಗೊಂಡಿದ್ದಾಳೆ! ಕಾರಲ್ಲ, ಪಿಕಪ್ ಟ್ರಕ್ಕು. ಅದೂ ಭಾರ ಹೊರುವ ದೊಡ್ಡ ಜಾತಿಯದು, ಹತ್ತಬೇಕೆಂದರೆ ನನಗೆ ಸ್ಟೂಲು ಬೇಕು. ಅವಳು ಎಲೆಕ್ಟ್ರೀಷಿಯನ್. ಇಷ್ಟು ದಿನ ಇನ್ನೊಬ್ಬರ ಕೈಕೆಳಗೆ ದುಡಿದಳು, ಈ ತಿಂಗಳಿಂದ ತನ್ನದೇ ಕೆಲಸ. ಗಾಡಿಯ ಬಾಗಿಲ ಮೇಲೆ ತನ್ನ ಹೆಸರು ಬರೆಸಿದ್ದಾಳೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಇಂಗ್ಲಿಷ್ ಓದಲು ಬಾರದು. ಆದರೂ ಆ ಅಕ್ಷರಗಳ ಮೇಲೆ ಕೈಯಾಡಿಸಿ ಆಡಿಸಿ ನೋಡಿದೆ. ಈ ಚಳಿಗಾಲವೆಲ್ಲ ಅವಳ ಕೆಲಸ ಅರೋರಾ ಎಂಬ ಊರಿನಿಂದಲೂ ಆಚೆಗೆ, ಬಯಲು ಗಾಳಿಯ ರಸ್ತೆಗಳಲ್ಲಿ. ಟೈರು ಆರಿಸಲು ಅವಳು ಅಪ್ಪನನ್ನು ಕರೆಯಲಿಲ್ಲ, ನನ್ನನ್ನು ಕರೆದಳು. ಇದಕ್ಕಿಂತ ದೊಡ್ಡ ಸನ್ಮಾನ ಇನ್ನು ಯಾವುದಿದೆ?

ನನಗೆ ಟೈರಿನ ವಿದ್ಯೆ ಕಲಿಸಿದವರು ನಮ್ಮ ಹಳೆಯ ಬಡಾವಣೆ ರೆಕ್ಸ್‌ಡೇಲಿನಲ್ಲಿದ್ದರು. ಮಂಗಳೂರು ಕಡೆಯವರು. ಕಾರ್ಖಾನೆಗಳ ಸಾಲಿನ ಕೊನೆಯಲ್ಲಿ ಅವರದೊಂದು ಸಣ್ಣ ಟೈರಿನಂಗಡಿ. ಕನ್ನಡದವರೆಲ್ಲ ಅವರನ್ನು ಟೈರಣ್ಣ ಎನ್ನುತ್ತಿದ್ದರು, ನಾನು ಅಣ್ಣಾರ ಎನ್ನುತ್ತಿದ್ದೆ.

ಆಗ ನಾವು ಅಲ್ಲಿಯೇ ಒಂದು ಬೇಸ್‌ಮೆಂಟಿನಲ್ಲಿದ್ದೆವು. ನಾನು, ಮಗ, ಸೊಸೆ. ಚಳಿಗಾಲದಲ್ಲಿ ರಸ್ತೆಯ ಹಿಮ ಬಳಿದು ತೆಗೆಯುವ ಕೆಲಸ ಹಿಡಿಯುತ್ತೇನೆಂದು ಮಗ ಹಳೆಯದೊಂದು ದೊಡ್ಡ ಪಿಕಪ್ ಟ್ರಕ್ಕು ತಂದಿದ್ದ. ಮನೆಗೆ ಇದ್ದದ್ದು ಅದೊಂದೇ ಗಾಡಿ. ಸೊಸೆಗೆ ಎಂಟು ತಿಂಗಳು ತುಂಬುತ್ತಿತ್ತು. ನೋವು ಬಂದರೆ ಆಸ್ಪತ್ರೆಗೆ ಒಯ್ಯುವುದೂ ಆ ಟ್ರಕ್ಕೇ. ಈ ದೇಶದ ಮೊದಲ ಹಿಮ ಕಂಡು ನಾನು ಆಗಲೇ ಹೆದರಿದ್ದೆ.

ಟೈರಣ್ಣನ ಅಂಗಡಿಯಲ್ಲಿ ಮಗನ ಕಣ್ಣು ಒಂದೇ ಟೈರಿನ ಮೇಲೆ ಬಿತ್ತು. ದಪ್ಪ ದಪ್ಪ ಹಲ್ಲಿನದು, ಹುಲಿ ಬಾಯಿ ತೆರೆದಂತೆ. ನಾನೂ ಅವನ ಪರವೇ ನಿಂತೆ. ನಾವು ಎರೆಭೂಮಿಯ ಮಂದಿ. ಮಳೆಗಾಲದಲ್ಲಿ ಚಕ್ಕಡಿ ಹೂತುಹೋಗುವ ಕೆಸರಿನಲ್ಲಿ ಟ್ರ್ಯಾಕ್ಟರೊಂದೇ ಎದ್ದು ಬರುವುದನ್ನು ನೋಡುತ್ತ ಬೆಳೆದವಳು ನಾನು.

"ಇದನ್ನ ಹಾಕ್ರಿ ಅಣ್ಣಾರ. ಟ್ರ್ಯಾಕ್ಟರ್ ಟೈರ್ ಹಾಂಗ ಐತಿ. ಎಂಥಾ ರಾಡಿ ಇದ್ರೂ ಎದ್ದ್ ಬರ್ತೈತಿ."

ಅವರು ಕೈಯೊರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನಕ್ಕರು. "ಅಮ್ಮ, ಕೆಸರಲ್ಲಿ ಗಾಡಿ ಹೂತು ಹೋಗ್ತದೆ. ಐಸಲ್ಲಿ ಜಾರಿ ಹೋಗ್ತದೆ. ಎರಡೂ ಒಂದೇ ಅಂತ ನಿಮಗೆ ಯಾರು ಹೇಳಿದ್ದು ಮಾರಾಯ್ರೆ? ಬಸುರಿ ಹೆಂಗಸು ಕೂರುವ ಗಾಡಿಗೆ ನಾನು ಇದನ್ನು ಹಾಕುದಿಲ್ಲ."

ಮಗನಿಗೆ ಸಿಟ್ಟು ಬಂತು. ಬೇರೆ ಅಂಗಡಿ ಇಲ್ಲವೇ ಎಂದು ಗೊಣಗಿದ. ಅವರು ವಾದಕ್ಕೆ ನಿಲ್ಲಲಿಲ್ಲ. ಆ ಹುಲಿಬಾಯಿಯ ಟೈರನ್ನೂ ಇನ್ನೊಂದು ಟೈರನ್ನೂ ಉರುಳಿಸಿಕೊಂಡು ಹೋಗಿ ಹೊರಗೆ ಹಿಮದಲ್ಲಿ ನಿಲ್ಲಿಸಿ ಬಂದರು. "ಟೀ ಕುಡಿಯಿರಿ" ಎಂದರು. ಒಂದು ಕಪ್ಪು ಮುಗಿದರೆ ಇನ್ನೊಂದು ಕಪ್ಪು. ನಿಮ್ಮೂರಲ್ಲಿ ರೊಟ್ಟಿ ಹೇಗೆ ಬಡಿಯುತ್ತೀರಿ, ಎಷ್ಟು ದಿನ ಇಡುತ್ತೀರಿ ಎಂದೆಲ್ಲ ಕೇಳಿದರು. ಮಗ ಗಡಿಯಾರ ನೋಡುತ್ತ ಕುದಿಯುತ್ತಿದ್ದ.

ಬಹಳ ಹೊತ್ತಾದ ಮೇಲೆ ನನ್ನನ್ನು ಹೊರಗೆ ಕರೆದು, "ಈಗ ಹೆಬ್ಬೆರಳಿನಿಂದ ಒತ್ತಿ ನೋಡಿ ಅಮ್ಮ" ಎಂದರು.

ಒತ್ತಿದೆ. ದಪ್ಪ ಹಲ್ಲಿನದು ಚಳಿಗೆ ಸೆಟೆದು ಕಟ್ಟಿಗೆಯಾಗಿತ್ತು. ಇನ್ನೊಂದು ಅದೇ ಚಳಿಯಲ್ಲಿ ನಿಂತಿದ್ದರೂ ಮೆತ್ತಗೆ ಬೆರಳಿಗೆ ಒಗ್ಗಿತು. ಅದರ ಮೈತುಂಬ ಬ್ಲೇಡಿನಿಂದ ಎಳೆದಂಥ ಸಣ್ಣ ಸಣ್ಣ ಸೀಳು. ನನ್ನ ಬಾಯಿಂದ ತಾನಾಗಿಯೇ ಬಂತು: "ಅಯ್ಯ! ಇದು ಖಡಕ್ ರೊಟ್ಟಿ, ಅದು ಬಿಸಿ ರೊಟ್ಟಿ!"

ಅವರು ಹೊಟ್ಟೆ ಹಿಡಿದು ನಕ್ಕರು. "ಮೂವತ್ತು ವರ್ಷ ಆಯ್ತು ಅಮ್ಮ ಜನರಿಗೆ ಇದನ್ನು ಹೇಳ್ಲಿಕ್ಕೆ ಒದ್ದಾಡಿ. ನೀವು ಒಂದೇ ಮಾತಲ್ಲಿ ಮುಗಿಸಿದ್ರಿ!"

"ಅವ್ವ, ನಿನಗೇನ್ ತಿಳೀತದ? ಅದು ಚಂದ ಕಾಣೂದಿಲ್ಲ" ಎಂದ ಮಗ.

"ಹೊಟ್ಟ್ಯಾಗಿನ ಕೂಸು ಟೈರಿನ ಚಂದ ನೋಡ್ತೈತೇನೋ? ಮೆತ್ತಂದಽ ಹಾಕ್ಸು."

ಹಾಕಿಸಿದ. ಆವತ್ತೇ ಅವರು ನನಗೆ ಟೈರು ಓದಲು ಕಲಿಸಿದರು. ಟೈರಿನ ಬದಿಯಲ್ಲಿ ಮೂರು ಶಿಖರದ ಗುಡ್ಡ, ಅದರೊಳಗೆ ಚುಕ್ಕಿ ರಂಗೋಲಿಯಂಥ ಹಿಮದ ಹೂವು ಇರಬೇಕು. ಅದಿದ್ದರೆ ಚಳಿಗಾಲಕ್ಕೆ ತಕ್ಕದ್ದು. ಮತ್ತೆ ಮೂರು ಹಲ್ಲಿನ ಬಾಚಣಿಗೆಯಂಥ ಒಂದು ಅಕ್ಷರ. ಅದು ಇಂಗ್ಲಿಷಿನ 'ಈ' ಎಂದರು. ಅದಿದ್ದರೆ ಇಂಥ ಭಾರದ ಗಾಡಿಯನ್ನು ಹೊರುವ ಗಟ್ಟಿ ಟೈರು. ಮೆತ್ತಗಿದ್ದೂ ಗಟ್ಟಿ! ನಾನು ಇಂಗ್ಲಿಷಿನಲ್ಲಿ ಕಲಿತ ಮೊದಲ ಅಕ್ಷರ ಅದೇ. ಹಾಗೆಯೇ ಗಾಡಿಯ ಪೂಜೆಯನ್ನೂ ಅಲ್ಲಿಯೇ ಮಾಡಿದೆವು. ಚಕ್ರದ ಕೆಳಗಿಡಲು ನಾನು ಒಯ್ದ ನಾಲ್ಕು ಲಿಂಬೆಹಣ್ಣು ದಾರಿಯಲ್ಲಿಯೇ ಕಲ್ಲಾಗಿದ್ದವು. ಅವರು ಅವನ್ನು ಹೀಟರಿನ ಮೇಲಿಟ್ಟು ಬೆಚ್ಚಗೆ ಮಾಡಿಕೊಟ್ಟರು.

ಜನವರಿಯ ಒಂದು ಬೆಳಿಗ್ಗೆ ಸೊಸೆಗೆ ನೋವು ಶುರುವಾಯಿತು. ಮಳೆ ಬಿದ್ದು, ಅದು ರಸ್ತೆಯ ಮೇಲೆ ಗಾಜಾಗಿ, ಆ ಗಾಜಿನ ಮೇಲೆ ಹಿಮ ಕುಳಿತಿತ್ತು. ಹಿಂದಿನ ಸೀಟಿನಲ್ಲಿ ನಾನು ಸೊಸೆಯನ್ನು ತಬ್ಬಿ ಕುಳಿತಿದ್ದೆ. ಇಳಿಜಾರಿನಲ್ಲಿ ಮುಂದಿನ ವ್ಯಾನು ಗಿರಕಿ ಹೊಡೆದು ನಮಗೆ ಅಡ್ಡ ಬಂದು ನಿಂತಿತು. ಮಗ ಬ್ರೇಕು ಒತ್ತಿದ. ನಾನು ಕಣ್ಣು ಮುಚ್ಚಿ ಸೊಸೆಯ ಹೊಟ್ಟೆಗೆ ನನ್ನೆರಡೂ ಕೈ ಅಡ್ಡ ಇಟ್ಟೆ… ಏನೂ ಆಗಲಿಲ್ಲ. ಕಣ್ಣು ತೆರೆದರೆ ನಮ್ಮ ಟ್ರಕ್ಕು ಆ ವ್ಯಾನಿಗಿಂತ ಮೊಳದಷ್ಟು ಹಿಂದೆ, ನೆಲಕ್ಕೆ ಅಂಟಿದಂತೆ ನಿಂತಿತ್ತು. ಮಗ ಕನ್ನಡಿಯಲ್ಲಿ ನನ್ನನ್ನು ನೋಡಿದ. ಮಧ್ಯಾಹ್ನದ ಊಟದ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು.

ಆಮೇಲೆ ವರ್ಷಕ್ಕೆರಡು ಸಲ, ಚಳಿಗಾಲದ ಟೈರು ಹಾಕಿಸಲಿಕ್ಕೊಮ್ಮೆ, ತೆಗೆಸಲಿಕ್ಕೊಮ್ಮೆ ಅಲ್ಲಿಗೆ ಹೋಗುವುದೇ ನಮಗೊಂದು ಹಬ್ಬ. ಅವರು ಕೂಸನ್ನು ದೊಡ್ಡ ಟೈರಿನ ನಡುವೆ ಚಾದರ ಹಾಸಿ ಕೂರಿಸುತ್ತಿದ್ದರು. ಅದು ಅಲ್ಲಿಂದಲೇ ದರ್ಬಾರು ನಡೆಸುತ್ತಿತ್ತು. ನಾನು ಅವರಿಗಾಗಿ ಒಂದು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತಿದ್ದೆ. ಯಾವ ಗಿರಾಕಿ ಬಂದರೂ, ಕನ್ನಡ ಬರದವರಿಗೂ, ಟೈರು ಒತ್ತಿಸಿ "ಇದು ಕಡಕ್ ರೊಟ್ಟಿ ಮಾರಾಯ್ರೆ!" ಎಂದೇ ಹೇಳುತ್ತಿದ್ದರು. ಟೈರಿನೊಳಗೆ ಕುಳಿತ ಕೂಸು ಕೇಕೆ ಹಾಕುತ್ತಿತ್ತು.

ಕೂಸಿಗೆ ಐದು ವರ್ಷ ತುಂಬಿದ ಚಳಿಗಾಲ ಕಳೆದು, ಟೈರು ತೆಗೆಸಲು ಹೋದರೆ ಅಂಗಡಿಗೆ ಬೀಗ. ಪಕ್ಕದ ಅಂಗಡಿಯವರು ಎದೆ ಮುಟ್ಟಿಕೊಂಡು ತೋರಿಸಿದರು. ಎದೆನೋವಿಗೆ ಟೈರಣ್ಣ ಫೆಬ್ರವರಿಯಲ್ಲಿಯೇ ಹೋಗಿಬಿಟ್ಟಿದ್ದರು… ಬೀಗದ ಮುಂದೆ ನಿಂತಾಗ ಹೊಳೆಯಿತು, ಆ ಮನುಷ್ಯನ ಸ್ವಂತ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಇಳಿಜಾರಿನ ಸಂಗತಿಯನ್ನೂ ಅವರಿಗೆ ಹೇಳಿರಲಿಲ್ಲ. ಶುಭದ ಹೊತ್ತಿನಲ್ಲಿ ಅಂಥ ಮಾತು ಯಾಕೆ, ಮುಂದಿನ ಸಲ ಹೇಳಿದರಾಯಿತು ಅಂತ ಪ್ರತಿ ಸಲವೂ ಸುಮ್ಮನಾಗಿದ್ದೆ. ರೊಟ್ಟಿಯ ಕಟ್ಟು ಬಿಚ್ಚದೆ ಮನೆಗೆ ವಾಪಸು ಬಂತು.

ಕಳೆದ ಶನಿವಾರ ಆ ಕೂಸೇ ನನ್ನನ್ನು ಅಂಗಡಿಗೆ ಒಯ್ದದ್ದು. ಅಲ್ಲಿಯೂ ಒಂದು ಹುಲಿಬಾಯಿ! ಅಪ್ಪನ ಮಗಳಲ್ಲವೇ, ಅದನ್ನೇ ಸವರುತ್ತ ನಿಂತಳು. "ಅಜ್ಜಿ, ಲುಕ್ ಅಟ್ ದಿಸ್ ಒನ್! ಸೋ ಟಫ್!"

ನಾನು ಬೈಯಲಿಲ್ಲ. ಬದಿಯಲ್ಲಿ ಗುಡ್ಡವೂ ಹೂವೂ ಬಾಚಣಿಗೆಯೂ ಇದ್ದ ಇನ್ನೊಂದನ್ನು ಹುಡುಕಿ ಕೋಲಿನಿಂದ ತೋರಿಸಿದೆ. "ಎರಡನ್ನೂ ಹೊರಗ ಇಟ್ಟ್ ಬಾ ಮಗಳ" ಎಂದೆ. ಅಂಗಡಿಯವರು ಹುಬ್ಬೇರಿಸಿದರು. ಅವಳು ಎರಡನ್ನೂ ತಾನೇ ಉರುಳಿಸಿಕೊಂಡು ಹೋಗಿ ಇಟ್ಟಳು. ನಾವಿಬ್ಬರೂ ಕಾಫಿ ಕುಡಿದು, ನಾನು ಅವಳಿಗೆ ಆ ಇಳಿಜಾರಿನ ಕಥೆ ಹೇಳಿ ಮುಗಿಸುವಷ್ಟು ಹೊತ್ತು ಬಿಟ್ಟೆವು. ನಂತರ ಇಬ್ಬರೂ ಹೊರಗೆ ಹೋದೆವು, ಅವಳು ಬಗ್ಗಿದಳು. ಕೈಗವಸು ತೆಗೆದು ಹೆಬ್ಬೆರಳಿಂದ ಒಂದನ್ನು ಒತ್ತಿದಳು, ಇನ್ನೊಂದನ್ನೂ ಒತ್ತಿದಳು. ಹುಲಿಬಾಯಿಯ ಮೇಲೆ ಮತ್ತೆ ಕೈಯಿಟ್ಟು ನನ್ನ ಕಡೆ ತಿರುಗಿ ಅಂದಳು:

"ಅಜ್ಜಿ, ಇದು ಕಡಕ್ ರೊಟ್ಟಿ ಮಾರಾಯ್ರೆ!"

ನಮ್ಮ ಮನೆಯಲ್ಲಿ ಯಾರೂ ಮಾರಾಯ್ರೆ ಎನ್ನುವುದಿಲ್ಲ. ನಾನಂತೂ ಹೇಳಿಕೊಟ್ಟದ್ದಲ್ಲ. ಅದೇ ಎಳೆತ, ಅದೇ ನಗೆ… ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅಂಗಡಿಯವರು ಕುರ್ಚಿ ತಂದುಕೊಟ್ಟರು.

ಮೆತ್ತನೆಯದನ್ನೇ ಹಾಕಿಸಿದೆವು. ನಾಲ್ಕು ಲಿಂಬೆಹಣ್ಣನ್ನು ಸೆರಗಿನೊಳಗೆ ಬೆಚ್ಚಗೆ ಇಟ್ಟುಕೊಂಡು ಹೋಗಿದ್ದೆ, ನಾಲ್ಕೂ ಚಕ್ರದ ಕೆಳಗೆ ಪಟಪಟನೆ ಒಡೆದವು. ಇವತ್ತು ರೊಟ್ಟಿ ಬಡಿಯುತ್ತಿದ್ದೇನೆ. ಮೊಮ್ಮಗಳು ನಾಳೆ ಬೆಳಿಗ್ಗೆ ಅರೋರಾ ದಾಟಿ ಹೋಗುವವಳು, ಬುತ್ತಿ ಬೇಕು. ಒಂದು ಕಟ್ಟು ಅವಳಿಗೆ. ಇನ್ನೊಂದು ಕಟ್ಟನ್ನೂ ಕೈ ತಾನಾಗಿಯೇ ಕಟ್ಟಿಬಿಟ್ಟಿದೆ. ಎಲ್ಲಿಗೆ ಒಯ್ಯಲಿ…