ವೈಸರ್ ಹಾಕಿದ ಬೈಕೂ ನನ್ನ ಬಲಗೈಯೂ

ಕಳೆದ ತಿಂಗಳ ಒಂದು ಭಾನುವಾರ ನಮ್ಮ ತಲ್ಲೂರಿನಲ್ಲಿ ಸ್ವಲ್ಪದರಲ್ಲಿ ಬಸ್ಸಿನಡಿಗೆ ಹೋಗುತ್ತಿದ್ದೆ. ಹೋಗಲಿಲ್ಲವಾದ್ದರಿಂದ ಈ ಅಂಕಣ ಓದುವ ಕಷ್ಟ ನಿಮಗೆ ತಪ್ಪಲಿಲ್ಲ.

ತಪ್ಪು ಯಾರದ್ದು? ಚಂದದ್ದು.

ಆಯುಧಪೂಜೆಗೆ ಎಲ್ಲರೂ ಬೈಕ್ ತೊಳೆದು ಹೂ ಹಾಕುತ್ತಾರೆ. ನಮ್ಮ ಯಜಮಾನರಿಗೆ (ಕುಂದಾಪುರದಲ್ಲಿ ಸಣ್ಣ ಹೋಟೆಲ್ ಇಟ್ಟವರು) ಅಷ್ಟು ಸಾಲಲಿಲ್ಲ. ಹೆಡ್‌ಲೈಟಿಗೆ ಫಳಫಳ ಹೊಳೆಯುವ ವೈಸರ್ ಹಾಕಿಸಿಕೊಂಡು ಬಂದರು. ಇಂಡಿಕೇಟರ್‌ಗಳಿಗೂ ಒಂದೊಂದು ಕಪ್ಪು ವೈಸರ್. ಮಳೆಗೆಂದು ಕಿಟಕಿಯ ಮೇಲೆ ಹಾಕುವ ತಗಡಿನ ಹಾಗೆ ಹೊರಗೆ ಚಾಚಿಕೊಂಡಿದ್ದವು.

"ಚಂದ ಕಾಂತಿಲ್ಯಾ?" ಎಂದರು.

ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ? ಬೈಕಿನ ಹಿಂದೆ ಕೂತು ರಂಗೋಲಿ ಹಾಕುತ್ತಿದ್ದ ನನಗೆ ಇಂಡಿಕೇಟರ್ ಮಿನುಗುವುದೂ ಚೆನ್ನಾಗಿಯೇ ಕಂಡಿತು. ಕುಂಕುಮ ಹಚ್ಚಿ ಆರತಿ ಎತ್ತಿದೆ.

ಆ ಭಾನುವಾರ ಮೀನು ತೆಗೆದುಕೊಂಡು ಕುಂದಾಪುರದಿಂದ ಇಬ್ಬರೂ ಬರುತ್ತಿದ್ದೆವು. ಹೈವೇಯಲ್ಲಿ ಮನೆ ಕಡೆ ತಿರುಗಲು ಇವರು ಇಂಡಿಕೇಟರ್ ಹಾಕಿ ಬೈಕನ್ನು ಬಲಕ್ಕೆ ತಂದದ್ದೇ ತಡ, ಬೆನ್ನ ಹಿಂದೆ ಬಸ್ಸಿನ ಬ್ರೇಕ್ ಕಿರುಚಿತು. ಬಂಗುಡೆಯ ಚೀಲ ರಸ್ತೆಗೆ ಬಿತ್ತು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಹ್ವಾಯ್, ಇಂಡಿಕೇಟರ್ ಹಾಕುಕಾತಿಲ್ಯಾ?"

"ಹಾಕಿದ್ನಲೆ" ಎಂದರು ಇವರು.

"ನಾ ಕೂಕಂಡಲ್ಲಿಂದ ಎಂತದೂ ಕಾಂತಿಲ್ಲ ಮರಾಯ್ರೆ. ಲೈಟಿಗೆ ಚಪ್ಪರ ಹಾಕಿರ್ಯಲೆ."

ನಿಜವೇ. ನಾನು ನೆಲದಲ್ಲಿ ಕೂತು ನೋಡಿದ್ದೆ. ಬಸ್ಸಿನವರು ಅಷ್ಟೆತ್ತರದಲ್ಲಿ ಕೂತು ನೋಡುತ್ತಾರೆ. ಅಲ್ಲಿಂದ ಕಾಣುವುದು ವೈಸರಿನ ಬೆನ್ನು ಮಾತ್ರ.

ಮನೆಗೆ ಬಂದವಳೇ ಸ್ಕ್ರೂಡ್ರೈವರ್ ತಂದು ಕೊಟ್ಟೆ. ಇವರು ಮುಟ್ಟಲಿಲ್ಲ.

"ಪೂಜಿ ಮಾಡಿದ್ದ್ ಮರಾಯ್ತಿ. ಬಿಚ್ಚುಕಾಗ. ಬಪ್ಪ ವರ್ಷ ಕಾಂಬ."

ಬರುವ ವರ್ಷ! ಅಲ್ಲಿವರೆಗೆ ಬಸ್ಸುಗಳಿಗೂ ಕಾಯಲು ಹೇಳೋಣವೇ? ಪೂಜೆ ಮಾಡುವುದು ಬೈಕಿನಲ್ಲಿ ಹೋದವರು ಕ್ಷೇಮವಾಗಿ ಬರಲಿ ಅಂತಲ್ಲವೇ? ಕೇಳಿದೆ. ಇವರು ಬಟ್ಟೆ ತಂದು ವೈಸರ್ ಒರೆಸಿದರು.

ಈಗ ಬೈಕ್ ಹತ್ತಿದರೆ ನಾನೇ ಇಂಡಿಕೇಟರ್. ತಿರುವು ಬರುವ ಎಷ್ಟೋ ಮೊದಲೇ ಬಲಗೈ ಉದ್ದಕ್ಕೆ ಚಾಚಿ ಕೂರುತ್ತೇನೆ. ಮೊನ್ನೆ ಭಾನುವಾರ ಪಕ್ಕದ ಮನೆಯ ಅಕ್ಕ ನೋಡಿ, "ಎಂತ, ಬಸ್ ನಿಲ್ಸುದಾ?" ಎಂದು ನಕ್ಕರು. ನಗಲಿ.

ನನಗೆ ನಗು ಬರುವುದಿಲ್ಲ. ಸಂಜೆ ಇವರು ಹೋಟೆಲ್ ಮುಚ್ಚಿ ಬರುವ ಹೊತ್ತಿಗೆ ಹೈವೇಯಲ್ಲಿ ಯಾವ ಬ್ರೇಕ್ ಕೇಳಿದರೂ ಸಾರಿನ ಸೌಟು ಹಿಡಿದೇ ಗೇಟಿಗೆ ಓಡುತ್ತೇನೆ. ಬೈಕ್ ಒಳಗೆ ಬಂದ ಮೇಲೆಯೇ ಒಲೆಯ ನೆನಪು.

ನಾನು ಹಿಂದೆ ಕೂರುವುದು ಭಾನುವಾರ ಮಾತ್ರ. ಉಳಿದ ದಿನ ಇವರ ಬಲಕ್ಕೆ ಕೈ ಚಾಚುವವರು ಯಾರು?