ಹಿತ್ತಾಳೆ ಬುಷ್ ಮತ್ತು ನೈದಿಲೆ ಗೆಡ್ಡೆ

ಪೀಣ್ಯದ ಫ್ಯಾಕ್ಟರಿಗಳಲ್ಲಿ ಲೇತ್ ಮಷಿನ್ ಓಡಿಸುವವರಿಗೆ ಒಂದು ಚಟ. ಅಲ್ಲಾಡೋದನ್ನ ಕಂಡರೆ ಬಿಗಿದುಬಿಡಬೇಕು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಬಾಗಲಕೋಟೆ ಕಡೆಯಿಂದ ಬರುವಾಗಲೇ ಜೊತೆಗೆ ತಂದದ್ದು.

ಮಾಕಳಿಯ ನನ್ನ ಬಾಡಿಗೆ ರೂಮಿನಲ್ಲಿ ಟಿವಿ ಇರಲಿಲ್ಲ. ಎರಡಡಿ ಉದ್ದದ ಗಾಜಿನ ತೊಟ್ಟಿ ಇತ್ತು, ಅದರಲ್ಲಿ ಆರೇಳು ಗಪ್ಪಿ ಮೀನು. ಒಂದು ಭಾನುವಾರ ಮನೆ ಓನರ್ ಅಜ್ಜಿ ಒದ್ದೆ ಬಟ್ಟೆಯಲ್ಲಿ ಏನೋ ಸುತ್ತಿಕೊಂಡು ಬಾಗಿಲಿಗೆ ಬಂದರು. ಬಿಚ್ಚಿದರೆ ಅಡಿಕೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಗೆಡ್ಡೆ.

ಅಜ್ಜಿ ಮಾಕಳಿಯವರೇ. ಊರ ಕೆರೆ ಮುಚ್ಚಿಹೋಗುವ ಮೊದಲು ಅವರ ಅತ್ತೆ ಅಲ್ಲಿನ ನೈದಿಲೆ ತಂದು ಹಿತ್ತಲಿನ ಕಲ್ಲುಬಾನಿಗೆ ಹಾಕಿದ್ದರಂತೆ. ಈಗ ಹಿತ್ತಲಲ್ಲಿ ಇನ್ನೆರಡು ರೂಮು ಏಳುತ್ತಿತ್ತು, ಬಾನಿ ಒಡೆದಿದ್ದರು.

"ಮೀನ್ ಸಾಕ್ತೀಯಲ್ಲಪ್ಪಾ, ಇದನ್ನೂ ಬದುಕಿಸ್ಕೊಡು. ನಮ್ ಕೆರೇದು ಅಂತ ಉಳಿದಿರೋದು ಇದೊಂದೇ."

"ಅದೇನ್ ದೊಡ್ಡ ಕೆಲಸರೀ ಅಜ್ಜಿ" ಅಂದುಬಿಟ್ಟೆ.

ಗೆಡ್ಡೆಯನ್ನು ತೊಟ್ಟಿಗೆ ಹಾಕಿದರೆ ತೇಲಿತು. ಜಲ್ಲಿಕಲ್ಲಿನಲ್ಲಿ ಒತ್ತಿದೆ, ಮತ್ತೆ ಪುಸಕ್ಕನೆ ಮೇಲೆ ಬಂತು. ನನಗೆ ಪಿತ್ತ ನೆತ್ತಿಗೇರಿತು. ಮರುದಿನ ಫ್ಯಾಕ್ಟರಿಯಿಂದ ನಾನೇ ಟರ್ನಿಂಗ್ ಮಾಡಿದ, ರಿಜೆಕ್ಟ್ ಆದ, ದಪ್ಪ ಉಂಗುರದಂಥ ಹಿತ್ತಾಳೆ ಬುಷ್ ಒಂದನ್ನು ತಂದು, ಗೆಡ್ಡೆಗೆ ದಾರದಲ್ಲಿ ಬಿಗಿದು, ನಾಲ್ಕು ಬೆರಳು ಆಳ ಹೂತೆ. ಈಗ ಏಳು ನೋಡೋಣ ಮಗನೆ ಅಂದೆ.

ಏಳಲಿಲ್ಲ. ದಿನಾ ಬೆಳಗ್ಗೆ ನಲ್ಲಿ ಹತ್ತಿರ ಅಜ್ಜಿ "ಚಿಗುರಿತಾ?" ಅನ್ನೋರು. ನಾನು "ಚಿಗುರಾಕತ್ತೈತ್ರಿ" ಅಂತ ಸುಳ್ಳು ಬಿಡುತ್ತಿದ್ದೆ. ಎರಡು ವಾರಕ್ಕೆ ನೀರು ನಾರತೊಡಗಿತು, ಎರಡು ಗಪ್ಪಿ ಸತ್ತವು. ಅಗೆದು ತೆಗೆದೆ. ಗೆಡ್ಡೆಯ ಅಡಿ ಮೆತ್ತಗಾಗಿ ಕೊಳೆತಿತ್ತು. ಯಪ್ಪಾ, ಒಬ್ಬರ ಕೆರೆ ಪೂರ್ತಿ ನನ್ನ ಅಂಗೈಯಲ್ಲಿ ಕೊಳೆಯುತ್ತಿದೆ ಅನ್ನಿಸಿತು.

ಕದ್ದು ಎಸೆಯುವ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೂ ಹೋಗಿ ತೋರಿಸಿದೆ. ಅಜ್ಜಿ ಬುಷ್ ನೋಡಿದರು, ನನ್ನ ಮುಖ ನೋಡಿದರು.

"ಕತ್ತಿಗೆ ಕಲ್ಲು ಕಟ್ಟಿ ಹೂತ್ರೆ ಯಾರ್ ಬದುಕ್ತಾರೋ? ಇಂಗಾ ಮಾಡೋದು, ಮುಟ್ಠಾಳ!"

ಕೊಳೆತದ್ದನ್ನು ಉಗುರಿನಿಂದಲೇ ಕಿತ್ತರು. ಒಳಗೆ ಕಡಲೆಕಾಳಿನಷ್ಟು ಬಿಳಿ ಉಳಿದಿತ್ತು. "ನೀರಿಗೆ ಬಿಡು. ತೇಲ್ಲಿ. ಬೇರು ಬಂದ್ಮ್ಯಾಕೆ ಅದೇ ಮುಳುಗ್ತದೆ. ನೀನ್ ಕೈ ಇಕ್ಬ್ಯಾಡ."

ನೀರು ಬದಲಿಸಿ ಬಿಟ್ಟೆ. ಕೈ ಇಡದೆ ಸುಮ್ಮನೆ ಕೂರೋದು ನನಗೆ ಎಂಥ ಶಿಕ್ಷೆ ಅಂತ ನನಗೇ ಗೊತ್ತು. ಹನ್ನೊಂದನೇ ದಿನ ಕೂದಲಿನಂಥ ಬೇರು ಇಳಿಯಿತು. ಆಮೇಲೆ ಕೆಂಪು ಮೊಳಕೆ. ಒಂದು ಸಂಜೆ ಶಿಫ್ಟ್ ಮುಗಿಸಿ ಬಂದರೆ ಗೆಡ್ಡೆ ಮೇಲಿಲ್ಲ! ಬಗ್ಗಿ ನೋಡಿದರೆ, ತಾನಾಗಿ ತಳಕ್ಕಿಳಿದು ಕಲ್ಲಿನ ಮೇಲೆ ಕೂತಿದೆ. ಯಾರು ಹೇಳಿಕೊಟ್ಟರು ಅದಕ್ಕೆ? ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಕೊರೆಯುವ ನಾನು ಬೂಟು ಬಿಚ್ಚುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ಕೂತೆ. ಇನ್ನೂ ಹದಿನೈದು ದಿನಕ್ಕೆ ತೆಳ್ಳನೆ ದಂಟೊಂದು ಮೇಲೆ ಬಂದು, ನೀರಿನ ಮೇಲೆ ಒಂದೇ ಒಂದು ಎಲೆ ಬಿಚ್ಚಿತು. ನನಗೆ ಅಳು ಬಂತು, ನಾಚಿಕೆ ಏನಿಲ್ಲ.

ಓಡಿಹೋಗಿ ಅಜ್ಜಿಯನ್ನು ಕರೆದೆ.

"ಈ ಸಲನಾದ್ರೂ ನಿಜವಾ?" ಅಂತ ಗೊಣಗುತ್ತಲೇ ಮೆಟ್ಟಿಲು ಹತ್ತಿದರು. ತೊಟ್ಟಿಯ ಮುಂದೆ ನೆಲದ ಮೇಲೆ ಕೂತರು. ಎಲೆಯ ಅಡಿಗೆ ಬೆರಳು ತೂರಿಸಿ ಸ್ವಲ್ಪ ಎತ್ತಿ ನೋಡಿ, ಮೆಲ್ಲಗೆ ಬಿಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು ಹೋದರು.

ಮರುದಿನ ನಲ್ಲಿ ಹತ್ತಿರ ಅಜ್ಜಿ "ಚಿಗುರಿತಾ" ಅಂತ ಕೇಳಲಿಲ್ಲ.

"ಕೆರೆ ಎಂಗೈತಪ್ಪಾ?" ಅಂದರು.

"ತುಂಬೈತ್ರಿ ಅಜ್ಜಿ" ಅಂದೆ.