ಮಿಸ್ ವರ್ನೆಟ್ ಗೆದ್ದ ತಕರಾರು

ಮಿಸ್ ವರ್ನೆಟ್ ಯಾರನ್ನೂ ನಂಬಿದವರಲ್ಲ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರೆ ಇವರ ಒಂದು ಕಣ್ಣು ತೆರೆದೇ ಇರುತ್ತಿತ್ತು. ವರ್ಜೀನಿಯಾದ ನಮ್ಮೂರಿನಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದುದು ಅವರ ಲಾಂಡ್ರಿ. ಇಸ್ತ್ರಿ ಯಂತ್ರದ ಮುಂದೆ ನಿಂತು ನನ್ನ ತಲೆ ನೆರೆತದ್ದೂ ಅಲ್ಲೇ. ಬೇರೆ ಗಿರಾಕಿ ಇರಲಿಲ್ಲ. ಆ ಗುತ್ತಿಗೆ ಹೋದರೆ ಲಾಂಡ್ರಿಗೆ ಬೀಗವೇ.

ಆ ಸಲದ ಟೆಂಡರು ಯಾವುದೋ ದೊಡ್ಡ ಕಂಪನಿಯ ಪಾಲಾಯಿತು. ಸೋತವರನ್ನು ಕರೆದು ಸೋತ ಕಾರಣ ಹೇಳುವುದು ಇಲ್ಲಿನ ಪದ್ಧತಿ. ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಅಧಿಕಾರಿ ಹ್ಯಾಲ್‌ಸ್ಟೆಡ್ ಕಾಫಿ ಕೊಟ್ಟ, ಹಲ್ಲು ಕಿರಿದ, ಪಕ್ಕದ ವಕೀಲನ ಮುಖ ನೋಡಿ ನೋಡಿ ಮಾತಾಡಿದ. ಒಂದು ಮಾತು ಬಾಯಿ ಜಾರಿದರೂ ತಕರಾರು ಬೀಳುತ್ತದಲ್ಲ!

"ಅವರ ಟ್ರಕ್ಕು ಹೊತ್ತಿಗೆ ಸರಿಯಾಗಿ ಬರುತ್ತೆ ಅಂತ ಹೇಗೆ ಗೊತ್ತಾಯ್ತಪ್ಪಾ?" ಎಂದರು ವರ್ನೆಟ್.

"ಅವರೇ ಹಾಗಂತ ಹೇಳಿದಾರೆ, ಮೇಡಂ."

"ನೀವು ಹೋಗಿ ನೋಡಲಿಲ್ವಾ?"

ಹ್ಯಾಲ್‌ಸ್ಟೆಡ್ ವಕೀಲನನ್ನು ನೋಡಿದ. ವಕೀಲ ಮೇಜು ನೋಡಿದ.

ಹೊರಗೆ ಬಂದದ್ದೇ ವರ್ನೆಟ್ ನನ್ನ ತೋಳು ಹಿಡಿದರು. "ನೋಡಿದ್ಯೇನೋ ಆರ್ಲಿಸ್? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ. ಇವರನ್ನ ಬಿಡಲ್ಲ ಕಣೋ."

ಇಂಥ ತಕರಾರು ಕೇಳುವ ವಾಷಿಂಗ್ಟನ್ನಿನ ಕಚೇರಿಗೆ ದೂರು ಕೊಟ್ಟೇ ಬಿಟ್ಟರು. ಟ್ರಕ್ಕು, ಕುದಿನೀರು, ಸೋಂಕಿನ ಬಟ್ಟೆ ಬೇರೆ ಇಡುವ ಜಾಗ, ಹೀಗೆ ಆಸ್ಪತ್ರೆಯವರು ಏನೇನು ಪರೀಕ್ಷಿಸಿರಲಿಲ್ಲವೋ ಅದನ್ನೆಲ್ಲ ಬಿಡಿಸಿ ಹೇಳಿದರು. ದೂರು ಇತ್ಯರ್ಥವಾಗುವ ತನಕ ಹೊಸಬರು ಕೆಲಸ ಶುರುಮಾಡುವಂತಿಲ್ಲ. ಬಟ್ಟೆ ನಮ್ಮಲ್ಲಿಗೇ ಬರುತ್ತಿತ್ತು.

ತೀರ್ಪಿಗೆ ಮುಂಚೆಯೇ ಆಸ್ಪತ್ರೆಯವರು ಮಣಿದರು. ಆಯ್ಕೆ ರದ್ದು, ಮತ್ತೆ ಪರಿಶೀಲಿಸುತ್ತೇವೆ ಎಂದರು. ಇನ್ನು ವಿಚಾರಿಸಲು ಏನಿದೆ ಎಂದು ವಾಷಿಂಗ್ಟನ್ನಿನವರು ದೂರನ್ನು ಮುಗಿಸಿದರು. ಲಾಂಡ್ರಿಯಲ್ಲಿ ಹಬ್ಬ! ಮೀನು ಕರಿದೆವು, ಸಿಹಿಗೆಣಸಿನ ಪೈ ತರಿಸಿದೆವು. ವರ್ನೆಟ್ ಮಾತ್ರ ತಟ್ಟೆ ಮುಟ್ಟಲಿಲ್ಲ.

"ಗೆದ್ದ ದಿನಾನೂ ಅನುಮಾನಾನಾ? ಒಂದು ತುಂಡು ತಿನ್ನಿ, ಮಿಸ್ ವರ್ನೆಟ್," ಎಂದೆ.

"ಸರ್ಕಾರ ಇಷ್ಟು ಬೇಗ ತಪ್ಪಾಯ್ತು ಅಂದ್ರೆ ಅದರ ಹಿಂದೆ ಏನೋ ಇದೆ ಕಣೋ."

ಹಾಳು ಅನುಮಾನ, ಊಟವನ್ನೂ ಕೆಡಿಸುತ್ತದೆ ಎಂದು ಬೈದುಕೊಂಡು ಅವರ ಪಾಲಿನದನ್ನೂ ನಾನೇ ತಿಂದೆ.

ಚಳಿ ಶುರುವಾಗುವ ಹೊತ್ತಿಗೆ ಮತ್ತೆ ಕರೆ ಬಂತು. ಗೆದ್ದವರು ಅವರೇ, ಅದೇ ಕಂಪನಿ. ಹ್ಯಾಲ್‌ಸ್ಟೆಡ್ ಈ ಸಲ ವಕೀಲನ ಕಡೆ ತಿರುಗಲೇ ಇಲ್ಲ.

"ಟ್ರಕ್ಕು?"

"ಹೋಗಿ ನೋಡಿದ್ವಿ, ಮೇಡಂ."

"ಕುದಿನೀರು?"

"ಪರೀಕ್ಷೆ ಮಾಡಿದ್ವಿ. ಸೋಂಕಿನ ಬಟ್ಟೆಯ ಕೋಣೆಯನ್ನೂ ನೋಡಿದ್ವಿ. ನೀವು ಕೇಳಿದ್ದನ್ನ ಒಂದೂ ಬಿಟ್ಟಿಲ್ಲ."

ಕಾರಿನಲ್ಲಿ ಕೂತ ಮೇಲೆ ನಾನು ಕುದಿಯುತ್ತಿದ್ದೆ. "ಇನ್ನೊಂದು ತಕರಾರು ಹಾಕೋಣ!"

"ಏನಂತ ಹಾಕ್ಲಿ? ಎಲ್ಲೆಲ್ಲಿ ಹರಿದಿದೆ ಅಂತ ನಾನೇ ತೋರಿಸಿದೆ. ಅವರು ಕೂತು ಹೊಲಿದುಕೊಂಡರು." ಮಿಸ್ ವರ್ನೆಟ್ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಭಾನುವಾರ ಪ್ರಾರ್ಥನೆಯ ನಡುವೆ ಓರೆಗಣ್ಣಿನಿಂದ ಅವರ ಕಡೆ ನೋಡಿದೆ. ಎರಡೂ ಕಣ್ಣು ಮುಚ್ಚಿಕೊಂಡಿದ್ದರು.